ಬೆಳಕಿಗೆ ಬಾಗುವ, ಬೆಳಕಿಗೆ ಕೂಡುವ ಪ್ಲಾಸ್ಟಿಕ್

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಚಪ್ಪರ ಹಾಕಿಸಿಕೊಂಡವರಿಗೆ ಒಂದು ವಿಷಯ ಗೊತ್ತಿರುತ್ತದೆ: ಶೀಟು ಮೊದಲು ಸೀಳುವುದು ಕಬ್ಬಿಣದ ಪೈಪಿಗೆ ತಾಗಿದಲ್ಲಿ. ಪೈಪಿನ ಕಾವು, ಬಿಸಿಲಿನ ನೇರಳಾತೀತ ಕಿರಣ ಎರಡೂ ಸೇರಿ ಶೀಟಿನ ಪಾಲಿಥೀನಿನ ಉದ್ದನೆಯ ಅಣು ಸರಪಳಿಗಳನ್ನು ತುಂಡು ಮಾಡುತ್ತವೆ. ಹೀಗೆ ಕಡಿಯುವ ಬೆಳಕಿನಿಂದಲೇ ಪ್ಲಾಸ್ಟಿಕ್ಕನ್ನು ಬಾಗಿಸುವ, ಸೀಳು ಕೂಡಿಸುವ ಕೆಲಸವನ್ನೂ ಮಾಡಿಸಬಹುದು. ಆದರೆ ಪಾಲಿಥೀನಿನಲ್ಲಿ ಇದು ಆಗದು, ಅದಕ್ಕೆ ಬೇರೆ ಅಣುಗಳೇ ಬೇಕು.

ಮೊದಲು ಬಾಗುವ ಪ್ಲಾಸ್ಟಿಕ್. ಇದರೊಳಗೆ ಅಜೋಬೆಂಜೀನ್ ಅಣುಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಹೆಣೆದಿರುತ್ತಾರೆ. ನೆಟ್ಟಗಿದ್ದಾಗ ಈ ಅಣು ಸುಮಾರು 0.9 ನ್ಯಾನೊಮೀಟರ್ ಉದ್ದ (ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). 365 ನ್ಯಾನೊಮೀಟರ್ ತರಂಗದ ನೇರಳಾತೀತ ಬೆಳಕು ಬಿದ್ದರೆ ಮಡಚಿಕೊಂಡು 0.55ಕ್ಕೆ ಇಳಿಯುತ್ತದೆ. ನೀಲಿ ಬೆಳಕು ಬಿಟ್ಟರೆ ಅಥವಾ ಬಿಸಿ ಮಾಡಿದರೆ ಮತ್ತೆ ನೆಟ್ಟಗಾಗುತ್ತದೆ. ಬೆಳಕು ಬಿದ್ದ ಮೈ ಮಾತ್ರ ಕುಗ್ಗುವುದರಿಂದ ಫಿಲ್ಮು ಆ ಕಡೆಗೇ ಬಾಗುತ್ತದೆ. 2003ರಲ್ಲಿ ಜಪಾನಿನ ತೊಮಿಕಿ ಇಕೆದಾ ಅವರ ತಂಡ ಬೆಳಕಿನ ಧ್ರುವೀಕರಣವನ್ನು, ಅಂದರೆ ಅದರ ಅಲೆ ಕಂಪಿಸುವ ದಿಕ್ಕನ್ನು ತಿರುಗಿಸಿ, ಅಣುಗಳು ಗುಂಪು ಗುಂಪಾಗಿ ಬೇರೆ ಬೇರೆ ದಿಕ್ಕಿಗಿದ್ದ ಫಿಲ್ಮನ್ನು ಬೇಕಾದ ದಿಕ್ಕಿಗೆ ಬಾಗಿಸಿ ತೋರಿಸಿತು.

ಇದನ್ನು ತಯಾರಿಸುವಾಗ ಎಡವುವುದು ಹೆಚ್ಚಾಗಿ ಒಂದೇ ಕಡೆ. ಎರಡು ಗಾಜಿನ ನಡುವೆ ಸುಮಾರು 20 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಂದು ಬಿಟ್ಟು, ಅಜೋಬೆಂಜೀನ್ ಇರುವ ಬಿಸಿ ದ್ರವವನ್ನು ಹರಿಸಿ, ನಿಧಾನಕ್ಕೆ ತಣಿಸಿ, ಬೆಳಕು ಕೊಟ್ಟು ಗಟ್ಟಿ ಮಾಡುತ್ತಾರೆ. ಆಗ ಯುವಿ, ಅಂದರೆ ನೇರಳಾತೀತ, ದೀಪ ಹಿಡಿದರೆ ಕೆಲಸ ಕೆಟ್ಟಿತು. ಬೆಳಕನ್ನೆಲ್ಲ ಅಜೋಬೆಂಜೀನೇ ನುಂಗಿಬಿಡುತ್ತದೆ. ಮೇಲ್ಪದರ ಗಟ್ಟಿ, ಕೆಳಗೆ ಅಂಟಂಟು. ಹಾಗಾಗಿ ಕಣ್ಣಿಗೆ ಕಾಣುವ ಬೆಳಕಿಗೆ ಚುರುಕಾಗುವ ರಾಸಾಯನಿಕ ಹಾಕಿ, 420 ನ್ಯಾನೊಮೀಟರಿಗಿಂತ ಉದ್ದದ ಬೆಳಕಿನಲ್ಲೇ ಗಟ್ಟಿ ಮಾಡಬೇಕು.

ಇನ್ನು ಗಾಯ ತಾನೇ ಕೂಡುವ ಪ್ಲಾಸ್ಟಿಕ್. ಕೂಮರಿನ್ ಎಂಬ ಅಣು ಸರಪಳಿಗಳಿಗೆ ಕೊಂಡಿಯಾಗುತ್ತದೆ. 310 ನ್ಯಾನೊಮೀಟರಿಗಿಂತ ಉದ್ದದ, ಅಂದರೆ 350ರ ಆಸುಪಾಸಿನ ಬೆಳಕಿಗೆ ಎರಡು ಕೂಮರಿನ್ ಸೇರಿ ನಾಲ್ಕು ಇಂಗಾಲದ ಉಂಗುರ ಕಟ್ಟುತ್ತವೆ. 254ರ ಬೆಳಕಿಗೆ ಉಂಗುರ ಬಿಚ್ಚುತ್ತದೆ. ಪ್ಲಾಸ್ಟಿಕ್ಕನ್ನು ಕುಯ್ದಾಗ ಮೊದಲು ಬಿಡುವುದೂ ಈ ದುರ್ಬಲ ಉಂಗುರವೇ. 350ರ ದೀಪ ಹಿಡಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. 254ರ ಕಿರಣವನ್ನು ವಾತಾವರಣ ಮೇಲೆಯೇ ತಡೆಯುವುದರಿಂದ, ಬಿಸಿಲಿನಲ್ಲಿಟ್ಟರೆ ಉಂಗುರ ಈ ದಾರಿಯಲ್ಲಿ ಬಿಚ್ಚುವ ಭಯವಿಲ್ಲ.

ಷರತ್ತುಗಳು ಮಾತ್ರ ಬಿಗಿ. ಕುಯ್ದ ಎರಡು ಮೈಗಳೂ ಒಂದಕ್ಕೊಂದು ಒತ್ತಿಕೊಂಡಿರಬೇಕು. ಕಸಿ ಕಟ್ಟುವಾಗ ಎರಡು ಗಿಡದ ಹಸಿ ಪದರ ತಾಗದಿದ್ದರೆ ಹೇಗೆ ಹಿಡಿಯುವುದಿಲ್ಲವೋ, ಇದೂ ಹಾಗೇ. ನಡುವೆ ಧೂಳು, ನೀರಿನ ಪಸೆ ಇದ್ದರೆ ಕೂಡದು. ಸರಪಳಿಗಳು ಅಲುಗಾಡುವಷ್ಟು ವಸ್ತು ಮೆತ್ತಗಿರಬೇಕು, ಇಲ್ಲವಾದರೆ ಬಿಸಿ ಕೊಡಬೇಕು. ಬೆಳಕು ಆಳಕ್ಕೆ ಇಳಿಯದು, ಆದ್ದರಿಂದ ತೆಳು ಲೇಪದ ಗೀರು ಮಾಯುತ್ತದೆ, ದಪ್ಪ ಹಲಗೆಯ ಸೀಳಿನ ತಳ ಹಾಗೇ ಉಳಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಆಷಾಢದಲ್ಲಿ ಒಣಗಿದ ಮೈಯೂ ಬಿಸಿಲೂ ಒಟ್ಟಿಗೆ ಸಿಗುವುದು ಎಲ್ಲಿಂದ?

ಚಪ್ಪರಕ್ಕೆ ಸದ್ಯಕ್ಕೆ ಯುವಿ ತಡೆಯುವ 200 ಮೈಕ್ರಾನ್ ಶೀಟೇ ಸರಿ. ಪೈಪಿಗೆ ಬಿಳಿ ಬಣ್ಣ ಹೊಡೆದು, ಪೂರ್ತಿ ಒಣಗಿದ ಮೇಲೆ ಶೀಟು ಎಳೆಯಿರಿ. ಗಂಧಕದ ಔಷಧಿ ತಾಗಿಸಬೇಡಿ; ಶೀಟಿನಲ್ಲಿ ಬೆರೆಸಿದ ಯುವಿ ರಕ್ಷಕವನ್ನು ಅದು ಕೆಡಿಸುತ್ತದೆ. ಸೀಳು ಬಿದ್ದರೆ ಹೊಳವಾದ ದಿನ ಒರೆಸಿ, ಒಣಗಿಸಿ, ಒಳಗೂ ಹೊರಗೂ ಟೇಪು ಅಂಟಿಸಿ. ಟೇಪು ಸೀಳಿನ ಎರಡೂ ತುದಿಯಿಂದ ನಾಲ್ಕು ಬೆರಳು ಆಚೆಗೆ ಬರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆಯಿಂದಲೇ ಅದು ಏಳುವುದು.