ಕಂಪ್ಯೂಟರ್ ಏಳದ ಬೆಳಿಗ್ಗೆ

ಕೇಳುಗರಿಗೆ ನಮಸ್ಕಾರ.

ಜುಲೈ ತಿಂಗಳ ಒಂದು ಭಾನುವಾರ. ಡೊಂಬಿವಲಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯ ಅಜ್ಜ ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲು ತಟ್ಟಿದರು. "ಕಂಪ್ಯೂಟರ್ ಸತ್ತೇ ಹೋಯ್ತು ಮಾರಾಯ್ತಿ. ಬಟನ್ ಒತ್ತಿದರೆ ಏನೂ ಇಲ್ಲ" ಎಂದರು. ಅವರ ದನಿ ನಡುಗುತ್ತಿತ್ತು.

ಅಜ್ಜ ಕುಂದಾಪುರದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿತ, ಸಂಜೆ ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದು. ಆ ದಿನಗಳ ನೆನಪನ್ನು ನಾಲ್ಕು ವರ್ಷದಿಂದ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದರು. ನೂರಕ್ಕೂ ಜಾಸ್ತಿ ಪುಟ ಆಗಿತ್ತು. ಎಲ್ಲವೂ ಆ ಒಂದೇ ಕಂಪ್ಯೂಟರಿನೊಳಗೆ. ಬೇರೆಲ್ಲೂ ಪ್ರತಿ ಇರಲಿಲ್ಲ.

ಅವರನ್ನು ಕೂರಿಸಿ ಮೊದಲು ಹೇಳಿದ ಮಾತನ್ನೇ ನಿಮಗೂ ಹೇಳುತ್ತೇನೆ. ಕಂಪ್ಯೂಟರ್ ಏಳಲಿಲ್ಲ ಅಂದ ಮಾತ್ರಕ್ಕೆ ಒಳಗಿದ್ದದ್ದು ಹೋಯಿತು ಅಂತ ಅಲ್ಲ. ನಿಮ್ಮ ಬರಹ, ಫೋಟೋ ಎಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಇಲ್ಲವೇ ಈಗಿನ ಎಸ್‌ಎಸ್‌ಡಿಯಲ್ಲಿ. ಕೈಕೊಡುವುದು ಎಷ್ಟೋ ಸಲ ಬೇರೆ ಭಾಗ. ಒಳಗಿನ ಭಾಗಗಳನ್ನೆಲ್ಲ ಜೋಡಿಸುವ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡ್ ಕೆಟ್ಟರೂ ಡಿಸ್ಕಿನಲ್ಲಿ ಇದ್ದದ್ದು ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತದೆ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಫೈಲ್ ತೆಗೆಯಬಹುದು. ಆದರೆ ಗಡಿಬಿಡಿಯಲ್ಲಿ ಯಾರಾದರೂ ಅದನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ ಖಾಲಿ ಮಾಡಿಬಿಟ್ಟರೆ ಮುಗಿಯಿತು.

ಇದು ನಾನು ಪೆಟ್ಟು ತಿಂದು ಕಲಿತದ್ದು. ಹಿಂದೊಮ್ಮೆ ನಮ್ಮ ಮನೆಯ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಿದ್ದೆವು. "ವಿಂಡೋಸ್ ಹೋಗಿತ್ತು, ಹೊಸದು ಹಾಕಿದ್ದೇನೆ" ಅಂತ ಎರಡು ಗಂಟೆಯಲ್ಲಿ ವಾಪಸ್ ಕೊಟ್ಟರು. ಅಮ್ಮನ ಕೊನೆಯ ವರ್ಷದ ಫೋಟೋಗಳು ಅದರಲ್ಲಿದ್ದವು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅದಕ್ಕೇ ಈಗ ಯಾರೇ ರಿಪೇರಿಗೆ ಕೊಡುವುದಿದ್ದರೂ ನಾನು ಒಂದು ಚೀಟಿ ಬರೆದು ಕ್ಯಾಬಿನೆಟ್ಟಿನ ಮೇಲೆ ಅಂಟಿಸುತ್ತೇನೆ: "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ." ನೀವೂ ಹಾಗೇ ಮಾಡಿ.

ಸರಿ, ಅಜ್ಜನ ಮನೆಗೆ ಹೋದೆ. ಹುಡುಕಾಟವನ್ನು ಯಾವಾಗಲೂ ಗೋಡೆಯಿಂದ ಶುರು ಮಾಡಬೇಕು. ನನ್ನ ಮೊಬೈಲ್ ಚಾರ್ಜರನ್ನು ಅದೇ ಸಾಕೆಟ್ಟಿಗೆ ಹಾಕಿದೆ. ಮೊಬೈಲ್ ಚಾರ್ಜ್ ಆಯಿತು. ಅಂದರೆ ಗೋಡೆಯಲ್ಲಿ ಕರೆಂಟ್ ಇದೆ. ಆಮೇಲೆ ಯುಪಿಎಸ್ ಒತ್ತಿದೆ, ಕರೆಂಟ್ ಹೋದರೂ ಸ್ವಲ್ಪ ಹೊತ್ತು ಕಂಪ್ಯೂಟರ್ ನಡೆಸುವ ಬ್ಯಾಟರಿ ಡಬ್ಬ ಅದು. ಒಂದು ಸಲ ಕುಂಯ್ ಅಂದು ಆರಿಹೋಯಿತು. ಅದರ ಬ್ಯಾಟರಿ ಮುಗಿದಿತ್ತು. ಗೋಡೆಯಲ್ಲಿ ಕರೆಂಟ್ ಇದ್ದರೂ, ಬ್ಯಾಟರಿ ಸತ್ತರೆ ಕೆಲವು ಯುಪಿಎಸ್ ಏಳುವುದೇ ಇಲ್ಲ. ಹೊರಗಿನಿಂದ ನೋಡುವವರಿಗೆ ಕಂಪ್ಯೂಟರೇ ಕೆಟ್ಟಂತೆ ಕಾಣುತ್ತದೆ. ಯುಪಿಎಸ್ ಬಿಟ್ಟು ಕೇಬಲನ್ನು ನೇರ ಗೋಡೆಗೆ ಹಾಕಿದೆ. ಫ್ಯಾನ್ ತಿರುಗಿತು. ಅಜ್ಜನ ಮುಖ ಅರಳಿತು.

ಹಾಗೆ ಮಾಡಿಯೂ ನಿಮ್ಮ ಮನೆಯಲ್ಲಿ ಫ್ಯಾನ್ ತಿರುಗದಿದ್ದರೆ? ಕ್ಯಾಬಿನೆಟ್ಟಿನ ಹಿಂದೆ, ಕೇಬಲ್ ಸಿಕ್ಕಿಸುವ ಜಾಗದ ಪಕ್ಕ ಒಂದು ಪುಟ್ಟ ಸ್ವಿಚ್ ಇರುತ್ತದೆ. ಗುಡಿಸಿ ಒರೆಸುವಾಗ ಅದು ಆಫ್ ಆಗಿರಬಹುದು. ಕೇಬಲ್ ಬದಲಿಸಿ ನೋಡಿ, ಮಾನಿಟರಿನದ್ದೂ ಹೆಚ್ಚಾಗಿ ಅಂಥದ್ದೇ ಇರುತ್ತದೆ. ಆಗಲೂ ಇಲ್ಲ ಅಂದರೆ ಸಂಶಯ ಎಸ್‌ಎಂಪಿಎಸ್ ಮೇಲೆ. ಮನೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆ ಹಂಚುವ ತಗಡಿನ ಡಬ್ಬ ಅದು. ಆ ಡಬ್ಬವನ್ನು ಮಾತ್ರ ದಯವಿಟ್ಟು ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಇಡಿಯಾಗಿ ಬದಲಿಸುವುದೇ ಸರಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಏಳುತ್ತದೆ.

ಅಜ್ಜನ ಫ್ಯಾನ್ ಏನೋ ತಿರುಗಿತು. ಪರದೆ ಮಾತ್ರ ಕಪ್ಪು. ಮಾನಿಟರಿನ ದೀಪ ಉರಿಯುತ್ತಿತ್ತು, ಕೇಬಲ್ ಗಟ್ಟಿಯಾಗಿತ್ತು. ಒಳಗಿನಿಂದ ಬೀಪ್, ಬೀಪ್ ಅಂತ ಸದ್ದು ಬರತೊಡಗಿತು. ಈ ಸದ್ದನ್ನು ಗಮನವಿಟ್ಟು ಕೇಳಿ. ಏಳುವ ಮೊದಲು ಕಂಪ್ಯೂಟರ್ ತನ್ನ ಭಾಗಗಳನ್ನೆಲ್ಲ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ತೊಂದರೆ ಕಂಡರೆ ಬೀಪ್ ಮಾಡಿ ಹೇಳುತ್ತದೆ. ಎಷ್ಟು ಬೀಪಿಗೆ ಏನರ್ಥ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಎಣಿಸಿ ಬರೆದಿಟ್ಟುಕೊಂಡರೆ ರಿಪೇರಿ ಮಾಡುವವರಿಗೆ ಅರ್ಧ ಕೆಲಸ ಆದ ಹಾಗೆ. ಮುಂಬಯಿ ಮಳೆಗಾಲದಲ್ಲಿ ಬೀಪ್ ಕೇಳಿದರೆ ನಾನು ಮೊದಲು ನೋಡುವುದು, ಕೆಲಸ ನಡೆಯುವಾಗ ಬೇಕಾದ್ದನ್ನು ಕಂಪ್ಯೂಟರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಭಾಗವಾದ ರ್‍ಯಾಮನ್ನು. ಸಮುದ್ರದ ಬದಿಯ ಊರು, ನಾಲ್ಕು ತಿಂಗಳು ತೇವ. ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ ಅಲ್ವಾ, ತಾಮ್ರ ತವರವನ್ನು ಈ ಗಾಳಿ ಬಿಡುತ್ತದೆಯೇ?

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಗ್ಗುಲು ಮಲಗಿಸಿ ಎರಡು ಸ್ಕ್ರೂ ಬಿಚ್ಚಿದೆ. ಅಜ್ಜ ಟಾರ್ಚ್ ಹಿಡಿದರು. ತಗಡನ್ನು ಒಮ್ಮೆ ಮುಟ್ಟಿದೆ. ಮೈಯಲ್ಲಿರುವ ಸ್ಥಾಯಿ ವಿದ್ಯುತ್ತು ಹರಿದುಹೋಗಲಿ ಅಂತ. ರ್‍ಯಾಮ್ ಅಂದರೆ ಗೇಣಿಗಿಂತ ಗಿಡ್ಡನೆಯ ಒಂದು ಪಟ್ಟಿ. ತುದಿಯ ಕ್ಲಿಪ್ ಒತ್ತಿದರೆ ಮೇಲೆ ಬರುತ್ತದೆ. ಅದರ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಸಾಲು. ಅಜ್ಜನ ರ್‍ಯಾಮಿನ ಹಲ್ಲುಗಳು ಹೊಗೆ ಹಿಡಿದ ಹಿತ್ತಾಳೆಯ ಹಾಗೆ ಮಂಕಾಗಿದ್ದವು. ಮೊಮ್ಮಗಳ ಪೆನ್ಸಿಲ್ ರಬ್ಬರ್ ತರಿಸಿದೆ. ಬಿಳಿ, ಮೆದು ರಬ್ಬರ್. ಎರಡೂ ಬದಿ ಹಗುರ ಕೈಯಲ್ಲಿ ಉಜ್ಜಿದೆ. ಪುಡಿ ಮದರ್‌ಬೋರ್ಡ್ ಮೇಲೆ ಬೀಳದ ಹಾಗೆ ಆಚೆ ಹಿಡಿದು ಒಣ ಬ್ರಷ್ಷಿನಲ್ಲಿ ಗುಡಿಸಿದೆ. ಮತ್ತೆ ಕೂರಿಸುವಾಗ ಪಟ್ಟಿಯ ಕಚ್ಚು ಸ್ಲಾಟಿನ ಕಚ್ಚಿಗೆ ಸರಿಹೊಂದಬೇಕು, ಟಕ್ ಅಂತ ಸದ್ದು ಬರಬೇಕು. ಬಂತು. ಪ್ಲಗ್ ಹಾಕಿ ಬಟನ್ ಒತ್ತಿದೆ. ಪರದೆಯ ಮೇಲೆ ಬೆಳಕು ಬಂತು.

ಉಜ್ಜಿದರೂ ಆಗದಿದ್ದರೆ ರ್‍ಯಾಮೇ ಹೋಗಿರಬಹುದು. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಾದರೆ ಹಳೆಯ ಪಟ್ಟಿಯನ್ನು ಜೊತೆಗೇ ಒಯ್ಯಿರಿ. ಪಟ್ಟಿಗಳಲ್ಲಿ ಬೇರೆ ಬೇರೆ ತಲೆಮಾರು ಇವೆ, ಡಿಡಿಆರ್ 3ರ ಜಾಗದಲ್ಲಿ ಡಿಡಿಆರ್ 4 ಕೂರುವುದಿಲ್ಲ. ಸುಮ್ನೆ ಎರಡು ಸಲ ಲೋಕಲ್ ಹತ್ತಿ ಇಳಿಯುವುದು ತಪ್ಪುತ್ತದೆ.

ಕೆಲವರಿಗೆ ಪರದೆಯೂ ಬರುತ್ತದೆ, ವಿಂಡೋಸ್ ಮಾತ್ರ ಬರುವುದಿಲ್ಲ. ಬೂಟ್ ಡಿವೈಸ್, ಅಂದರೆ ಕಂಪ್ಯೂಟರನ್ನು ಏಳಿಸುವ ಡಿಸ್ಕ್, ಸಿಗಲಿಲ್ಲ ಎಂಬ ಬರಹ ಕಂಡರೆ ಮೊದಲು ಪೆನ್ ಡ್ರೈವ್ ಸಿಕ್ಕಿಸಿಟ್ಟಿದ್ದೀರಾ ನೋಡಿ. ಕಂಪ್ಯೂಟರ್ ಅದರಿಂದಲೇ ಏಳಲು ಹೊರಟಿರಬಹುದು. ಎರಡು ಮೂರು ಸಲ ಅರ್ಧಕ್ಕೇ ನಿಂತರೆ ವಿಂಡೋಸ್ 10 ಮತ್ತು 11 ತಾನಾಗಿಯೇ ರಿಪೇರಿ ಪರದೆ ತೋರಿಸುತ್ತವೆ. ಅಲ್ಲಿ ಸ್ಟಾರ್ಟಪ್ ರಿಪೇರಿ ಒತ್ತಲು ಹೆದರಬೇಡಿ. ರೀಸೆಟ್ ಅಂತ ಬಂದಾಗ ಮಾತ್ರ ಕೈ ತಡೆಯಿರಿ. ಅದರೊಳಗೆ ಎರಡು ದಾರಿ ಇದೆ. 'ಕೀಪ್ ಮೈ ಫೈಲ್ಸ್' ಅಂದರೆ ನಿಮ್ಮ ಫೈಲ್ ಉಳಿಯುತ್ತದೆ, ನೀವು ಹಾಕಿಕೊಂಡ ಪ್ರೋಗ್ರಾಂ ಹೋಗುತ್ತದೆ. 'ರಿಮೂವ್ ಎವೆರಿಥಿಂಗ್' ಅಂದರೆ ಎಲ್ಲವೂ ಹೋಗುತ್ತದೆ. ನೀಲಿ ಪರದೆಯಲ್ಲಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಕೀ ಕೇಳಿದರೆ, ಅದು 48 ಅಂಕಿಯ ಸಂಖ್ಯೆ. ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಕೀ ಇಲ್ಲದೆ ಡಿಸ್ಕ್ ಬಿಚ್ಚಿ ಬೇರೆಡೆ ಜೋಡಿಸಿದರೂ ಫೈಲ್ ಓದಲಾಗುವುದಿಲ್ಲ. ಕಂಪ್ಯೂಟರ್ ಸರಿ ಇರುವಾಗಲೇ ಅದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಇನ್ನು ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಅಂತ ಬಡಿತ ಕೇಳಿದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಹಚ್ಚಿದಷ್ಟೂ ಒಳಗಿನದ್ದು ಹಾಳಾಗುತ್ತದೆ. ಡೇಟಾ ತೆಗೆಯುವುದು ಬಲ್ಲವರಿಗೇ ಕೊಡಿ.

ಅಜ್ಜನ ಕಂಪ್ಯೂಟರ್ ಎದ್ದಿತಲ್ಲ, ಕೂಡಲೇ ಅವರ ಬರಹವನ್ನು ಪೆನ್ ಡ್ರೈವಿಗೆ ಹಾಕಿದೆ. ಮೇಲೆ ಹೋಗಿ ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಪ್ರತಿ ಇಟ್ಟೆ. ಅಜ್ಜನೂ ಜೊತೆಗೆ ಬಂದಿದ್ದರು. ಫೈಲ್ ತೆರೆದರೆ ಕನ್ನಡವೇ ಇಲ್ಲ. ಪುಟದ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಮೇಲೆ ಕೆಳಗೆ ಚುಕ್ಕಿ ಗೆರೆ. ಅಜ್ಜ ಕುರ್ಚಿಯ ಕೈ ಗಟ್ಟಿ ಹಿಡಿದರು. "ಎಲ್ಲ ಹಾಳಾಯ್ತಾ?" ಎಂದರು.

ಏನೂ ಹಾಳಾಗಿರಲಿಲ್ಲ. ಅವರು ಬರೆದದ್ದು ಹಳೆಯ ನುಡಿ ಫಾಂಟಿನಲ್ಲಿ. ಕನ್ನಡ ಗಣಕ ಪರಿಷತ್ತಿನವರು ಮಾಡಿದ ತಂತ್ರಾಂಶ ಅದು. ಆ ಹಳೆಯ ಕ್ರಮದಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. 'ಬರಹ' ಎಂಬ ಇನ್ನೊಂದು ಕನ್ನಡ ತಂತ್ರಾಂಶದ ಹಳೆಯ ಫೈಲುಗಳಿಗೂ ಇದೇ ಆಗುತ್ತದೆ. ಫೈಲ್ ಕೆಟ್ಟಿತು ಅಂತ ಅಳಿಸಿಬಿಟ್ಟವರನ್ನು ನಾನು ಕಂಡಿದ್ದೇನೆ, ಸಂಕಟವಾಗುತ್ತದೆ. ದಯವಿಟ್ಟು ಅಳಿಸಬೇಡಿ. ಆ ಫಾಂಟ್ ಹಾಕಿದರೆ ಸಾಕು. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಕ್ರಮಕ್ಕೆ ಬದಲಿಸುವ ಸಲಕರಣೆಯೂ ನುಡಿಯಲ್ಲಿ, 'ಬರಹ'ದಲ್ಲಿ ಇದೆ. ಒಮ್ಮೆ ಬದಲಿಸಿಟ್ಟರೆ ಈ ತೊಂದರೆ ಮತ್ತೆ ಬರುವುದಿಲ್ಲ.

ಅಜ್ಜನ ಕಂಪ್ಯೂಟರಿನಿಂದಲೇ ಫಾಂಟ್ ತಂದು ಹಾಕಿದೆ. ಫೈಲ್ ಮುಚ್ಚಿ ತೆರೆದೆ. ಪುಟದ ತುಂಬ ಕನ್ನಡ. ಅಜ್ಜ ಕನ್ನಡಕ ಏರಿಸಿ ಮುಂದಕ್ಕೆ ಬಾಗಿದರು. ರಾತ್ರಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಇನ್ನೂ ಲೋಟ ತೊಳೆಯುತ್ತಿದ್ದ ಹುಡುಗನ ಕತೆ ಅದು. ಗಟ್ಟಿಯಾಗಿ ನಾಲ್ಕು ಸಾಲು ಓದಿ ನಿಲ್ಲಿಸಿದರು. ಪರದೆಯ ಮೇಲೆ ಬೆರಳಿಟ್ಟು, "ಇಲ್ಲೊಂದು ಒತ್ತು ಬಿಟ್ಟಿದ್ದೇನೆ ನೋಡು" ಎಂದು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡರು.