ನಾಡಿ ಮೇಲಿಂದ ಬೆರಳು ತೆಗೀರಿ

ನಮಸ್ಕಾರ್ರೀ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಬರೆದೂ ಇಟ್ಟಿದ್ದೆ. ಆದರೆ ನಿನ್ನೆ ರಾತ್ರಿ ಒಂದು ಕಾಮೆಂಟ್ ಓದಿದೆ, ಅದು ತಲೆಯಿಂದ ಹೋಗುತ್ತಲೇ ಇಲ್ಲ. ಎದೆ ಡವಡವ ಬಗ್ಗೆ ಮಾಡಿದ ಹಿಂದಿನ ವಿಡಿಯೋ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಅಣ್ಣಾರ, ನಾನು ದಿನಾ ನಲವತ್ತು ಐವತ್ತು ಸಲ ನಾಡಿ ನೋಡ್ಕೊತೀನಿ. ವಾಚ್ ಐತಿ, ಆಕ್ಸಿಮೀಟರ್ ಐತಿ. ನೋಡಿದ್ರ ಏನ್ ಲುಕ್ಸಾನ? ಪುಕ್ಕಟೆ ಐತಲ್ಲ."

ಲುಕ್ಸಾನ ಇದೆ. ದೊಡ್ಡ ಲುಕ್ಸಾನವೇ ಇದೆ. ಇವತ್ತು ಅದೊಂದನ್ನೇ ಹೇಳುತ್ತೇನೆ, ಬೇಜಾರಾದರೂ ಕೇಳಿ. ಒಮ್ಮೆ ಡಾಕ್ಟರಿಗೆ ಸರಿಯಾಗಿ ತೋರಿಸಿ. ಆಮೇಲೆ ನಾಡಿ ಮೇಲಿಂದ ಬೆರಳು ತೆಗೀರಿ.

2021ರ ಅಕ್ಟೋಬರ್ 29 ನಿಮಗೂ ನೆನಪಿರುತ್ತದೆ. ಅಪ್ಪು ಹೋದ ದಿನ. 46 ವರ್ಷ ಅಷ್ಟೇ. ನಮ್ಮ ಓಣಿಯಲ್ಲಿ ಅವತ್ತು ಯಾರ ಮನೆಯಲ್ಲೂ ಟಿವಿ ಆರಿಸಲಿಲ್ಲ. ಅಷ್ಟು ಗಟ್ಟಿಮುಟ್ಟಾದ ಮನುಷ್ಯನಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಎಲ್ಲರ ಬಾಯಲ್ಲೂ ಅದೇ ಮಾತು. ಆ ವಾರದಲ್ಲೇ ಒಂದು ರಾತ್ರಿ ನಾನು ಎಡಮಗ್ಗುಲಾಗಿ ಮಲಗಿದ್ದೆ. ಎದೆಯೊಳಗೆ ಏನೋ ಒಂದು ಕ್ಷಣ ನಿಂತಂತಾಯಿತು, ಆಮೇಲೆ ಧಡ್ ಅಂತ ಒಳಗಿನಿಂದ ಯಾರೋ ಒದ್ದಂತಾಯಿತು. ಎದ್ದು ಕೂತೆ. ಕೈಕಾಲು ತಣ್ಣಗೆ, ಬೆರಳ ತುದಿಯಲ್ಲಿ ಜುಮುಜುಮು. ತಮ್ಮನ ಗಾಡಿ ಹಿಂದೆ ಕೂತು ಆಸ್ಪತ್ರೆಗೆ ಹೋದೆವು, ನಮ್ಮವ್ವ ಬಾಗಿಲಲ್ಲೇ ನಿಂತಿದ್ದಳು.

ಇಸಿಜಿ ಮಾಡಿದರು. ಮರುದಿನ ಎಕೋ ಅಂದರೆ ಹೃದಯದ ಸ್ಕ್ಯಾನ್, ಥೈರಾಯ್ಡ್, ಹಿಮೋಗ್ಲೋಬಿನ್. ಎಲ್ಲಾ ಸರಿ ಇತ್ತು. ಡಾಕ್ಟರು ರಿಪೋರ್ಟ್ ಮಡಚಿ ಕೈಗೆ ಕೊಟ್ಟು "ಏನೂ ಇಲ್ಲ, ಹೋಗ್ರಿ" ಅಂದರು. ಏನೂ ಇಲ್ಲ ಸರಿ, ಹಾಗಾದರೆ ಒದ್ದಿದ್ದು ಏನು? ಅದನ್ನು ಹೇಳಲಿಲ್ಲ. ಎರಡು ನಿಮಿಷ ಹೇಳಿದ್ದರೆ ನನ್ನ ಎಂಟು ತಿಂಗಳು ಉಳಿಯುತ್ತಿತ್ತು. ಅದು ನನಗೆ ಇವತ್ತಿಗೂ ಸಿಟ್ಟು.

ಅವರು ಹೇಳದಿದ್ದದ್ದನ್ನು ನಾನು ಹೇಳುತ್ತೇನೆ. ನಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ ಕೆಲವು ಬಡಿತ ಹೊತ್ತಿಗಿಂತ ಮುಂಚೆ ಬಂದುಬಿಡುತ್ತವೆ, ಎಕ್ಟೋಪಿಕ್ ಬೀಟ್ ಅಂತಾರೆ. ಹಾಗೆ ಮುಂಚೆ ಬಂದಮೇಲೆ ಹೃದಯ ಸ್ವಲ್ಪ ತಡೆಯುತ್ತದೆ. ಆ ತಡೆದ ಹೊತ್ತಿನಲ್ಲಿ ರಕ್ತ ಜಾಸ್ತಿ ತುಂಬಿಕೊಳ್ಳುತ್ತದೆ, ಅದಕ್ಕೇ ಮುಂದಿನ ಬಡಿತ ಜೋರು. ನಿಂತಂತೆ ಅನಿಸುವುದು, ಆಮೇಲೆ ಒದ್ದಂತೆ ಅನಿಸುವುದು, ಎರಡೂ ಇದೇ. ಎಡಮಗ್ಗುಲಾಗಿ ಮಲಗಿದರೆ ಹೃದಯ ಎದೆಗೂಡಿಗೆ ಹತ್ತಿರ ಬರುತ್ತದೆ, ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಏನೂ ಕಾಯಿಲೆ ಇಲ್ಲದವರಿಗೆ ಹೋಲ್ಟರ್, ಅಂದರೆ ಬಡಿತ ಬರೆದಿಡುವ ಸಣ್ಣ ಯಂತ್ರ, 24 ಗಂಟೆ ಕಟ್ಟಿ ನೋಡಿದರೂ ಇಂಥ ಬಡಿತ ಸಿಗುತ್ತವೆ. ಅವರಿಗೆ ಗೊತ್ತಾಗುವುದಿಲ್ಲ, ನಮಗೆ ಗೊತ್ತಾಗುತ್ತದೆ. ಯಾಕಂದರೆ ನಾವು ಕಾಯ್ದುಕೊಂಡು ಕೂತಿರುತ್ತೇವೆ.

ಎಂಟು ತಿಂಗಳು ನಾನೂ ಕಾಯ್ದೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಜೇಬಿನಲ್ಲೇ ಇರುತ್ತಿತ್ತು. ಊಟಕ್ಕೆ ಮುಂಚೆ, ಊಟ ಆದಮೇಲೆ, ಚಿಗರಿ ಬಸ್ಸಿನಲ್ಲಿ ನಿಂತುಕೊಂಡು, ಮದುವೆ ಪಂಕ್ತಿಯಲ್ಲಿ ಕೂತಾಗ ಎಲೆ ಪಕ್ಕದಲ್ಲಿ ಒಂದು ಕೈ ಇನ್ನೊಂದರ ನಾಡಿ ಮೇಲೆ. ಆ ಎಂಟು ತಿಂಗಳಲ್ಲಿ ಮಗಳು ಏನು ಮಾತಾಡಿದಳು ಅಂತ ನನಗೆ ನೆನಪಿಲ್ಲ. ಅವಳಿಗೆ ಆಗ ಮೂರು ವರ್ಷ. ಪುಕ್ಕಟೆ ಅಂತೀರಲ್ಲ, ಇದನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ?

ಇಷ್ಟಾದರೂ ಡವಡವ ಕಡಿಮೆಯಾಗಲಿಲ್ಲ, ಜಾಸ್ತಿ ಆಯಿತು. ಆಗಲೇಬೇಕು. ನೀವು ಬೆರಳಿಟ್ಟ ಕೂಡಲೇ ಮೈಗೆ ಸುದ್ದಿ ಹೋಗುತ್ತದೆ, ಇಲ್ಲೇನೋ ಅಪಾಯ ಇದೆ ಅಂತ. ಹೆದರಿದಾಗ ಮೈಯೊಳಗೆ ಬರುವ ಅಡ್ರಿನಲಿನ್ ಹಾರ್ಮೋನ್ ಏರುತ್ತದೆ. ನಾಡಿ ನಿಮಿಷಕ್ಕೆ 82 ಇದ್ದದ್ದು 96 ಆಗುತ್ತದೆ. 96 ನೋಡಿ ಹೆದರುತ್ತೀರಿ, 110 ಆಗುತ್ತದೆ. 110 ನೋಡಿ ಮನೆಯವರನ್ನು ಕರೆಯುತ್ತೀರಿ. ಸುಮ್ನೆ ಕೂತಾಗ ದೊಡ್ಡವರಿಗೆ 60ರಿಂದ 100 ಮಾಮೂಲು. ಮೆಟ್ಟಿಲು ಹತ್ತಿದರೆ, ಬಿಸಿ ಮಿರ್ಚಿ ತಿಂದರೆ, ಹೆದರಿದರೆ ಏರುತ್ತದೆ, ಏರಬೇಕು ಕೂಡ. ನೋಡಿ ನೋಡಿ ಏರಿಸಿದ್ದು ನೀವು, ಆಮೇಲೆ ಏರಿದೆ ಅಂತ ಅಳುವುದೂ ನೀವು. ಬೆರಳು ತೆಗೀರಿ!

"ಗ್ಯಾಸ್ ಇರಬೇಕು, ಸೋಡಾ ಕುಡಿ" ಅನ್ನುವ ಕಾಕಾಗಳು ಪ್ರತಿ ಮನೆಯಲ್ಲೂ ಇದ್ದಾರೆ. ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಹಾಗೆ ಹೇಳಬೇಡಿ. ಮೊದಲು ತೋರಿಸಬೇಕು. ಥೈರಾಯ್ಡ್ ಜಾಸ್ತಿ ಇದ್ದರೂ, ರಕ್ತ ಕಡಿಮೆ ಇದ್ದರೂ ಎದೆ ಹಾರುತ್ತದೆ, ಅದಕ್ಕೆ ಔಷಧ ಇದೆ. ತಲೆ ತಿರುಗಿ ಬಿದ್ದರೆ, ಎದೆನೋವು ಕೈಗೋ ದವಡೆಗೋ ಹರಿದರೆ, ಉಸಿರು ಸಿಗದಿದ್ದರೆ ವಿಡಿಯೋ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಓಡುವಾಗ, ಭಾರ ಎತ್ತುವಾಗಲೇ ಡವಡವ ಶುರುವಾದರೆ, ಮನೆತನದಲ್ಲಿ ಸಣ್ಣ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರಿದ್ದರೆ ಇದೇ ವಾರ ಹೃದಯದ ಡಾಕ್ಟರ ಹತ್ತಿರ ಹೋಗಿ. ಡಾಕ್ಟರೇ ನಾಡಿ ಎಣಿಸಿ ಬರೆದಿಡಿ ಅಂದಿದ್ದರೆ ಎಣಿಸಿ, ಅವರು ಹೇಳಿದಷ್ಟು ಸಲ. ನಾನು ಹೇಳುತ್ತಿರುವುದು ಎಲ್ಲಾ ತೋರಿಸಿ, ಸರಿ ಇದೆ ಅನಿಸಿಕೊಂಡು ಬಂದಮೇಲೂ ಬೆರಳು ತೆಗೆಯದವರಿಗೆ.

ಈಗ ಶುರುವಾಗುತ್ತದೆ, ಗೊತ್ತು. "ಇಸಿಜಿ ಹತ್ತು ಸೆಕೆಂಡಿಂದು, ಅದರಾಗ ಏನ್ ಗೊತ್ತಾಕ್ಕೇತಿ?" ಸರಿ, ಹತ್ತೇ ಸೆಕೆಂಡು. ಅದಕ್ಕೇ ಡಾಕ್ಟರಿಗೆ ಬೇಕನಿಸಿದರೆ ಹೋಲ್ಟರ್ ಕಟ್ಟುತ್ತಾರೆ. ನಿಮ್ಮ ಬೆರಳು ಹೋಲ್ಟರ್‌ಗಿಂತ ಜಾಣವೇನು? "ಅಪ್ಪುಗೆ ಹಂಗಾತಲ್ಲ?" ಆಯಿತು. ನನಗೂ ಅಳು ಬರುತ್ತದೆ. ಆದರೆ ಅವರ ನೋವನ್ನು ತಂದು ನಿಮ್ಮ ನಾಡಿ ಮೇಲೆ ಇಟ್ಟುಕೊಂಡರೆ ಯಾರಿಗೆ ಒಳ್ಳೆಯದು? 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವು ಅನ್ನುವ ಸುದ್ದಿ ಬಂದಾಗಲೂ ಇದೇ ಆಯಿತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತರು. ಹೋಗಿ ತೋರಿಸಿದ್ದು ತಪ್ಪಲ್ಲ. ಆದರೆ ತೋರಿಸಿ ಸರಿ ಇದೆ ಅನಿಸಿಕೊಂಡು ಬಂದವರು ಮರುವಾರ ಮತ್ತೆ ಬೇರೆ ಆಸ್ಪತ್ರೆಗೆ, ಅದರ ಮರುವಾರ ಇನ್ನೊಂದಕ್ಕೆ ಹೋಗುತ್ತಾ ಇದ್ದರೆ ಅದನ್ನು ಯಾವ ಇಸಿಜಿ ಹಿಡಿಯುತ್ತದೆ?

ಅದಕ್ಕೆ ಬೇರೆ ಡಾಕ್ಟರು ಇದ್ದಾರೆ. ನಮ್ಮ ಕಡೆ ಒಂದು ಕೆಟ್ಟ ಮಾತಿದೆ, ಯಾರಾದರೂ ಸ್ವಲ್ಪ ವಿಚಿತ್ರ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗುತ್ತೇವೆ, ಅಲ್ಲಿ ಮಾನಸಿಕ ಆಸ್ಪತ್ರೆ ಇದೆಯಲ್ಲ, ಅದಕ್ಕೆ. ಆ ಮಾತಿಗೇ ಹೆದರಿ ನಾನು ತಿಂಗಳುಗಟ್ಟಲೆ ಹೋಗಲಿಲ್ಲ. ಕೊನೆಗೆ ಹೋದೆ. ಧಾರವಾಡದ ಅದೇ ಆಸ್ಪತ್ರೆಗೆ, ಡಿಮ್ಹಾನ್ಸ್‌ಗೇ ಹೋದೆ. ಅಲ್ಲಿ ನನ್ನ ಮುಂದೆ ಕೂತಿದ್ದ ಮೇಡಂ ನಗಲಿಲ್ಲ. ಒಂದು ಸಣ್ಣ ಡೈರಿ ಇಡಿ ಅಂದರು. ನಾಡಿ ನೋಡಬೇಕು ಅನಿಸಿದಾಗ ಟೈಮ್ ಬರೆದು ಹತ್ತು ನಿಮಿಷ ತಡೀರಿ, ಆಮೇಲೂ ಅನಿಸಿದರೆ ನೋಡಿ ಅಂದರು. ಮೊದಲ ದಿನ 43 ಸಲ ಬರೆದೆ. ಹತ್ತು ನಿಮಿಷ ತಡೆದರೆ ಅರ್ಧಕ್ಕರ್ಧ ಸಲ ಆ ಹೆದರಿಕೆ ತಾನೇ ಇಳಿದಿರುತ್ತಿತ್ತು. ಮೂರನೇ ತಿಂಗಳಲ್ಲಿ ಡೈರಿಯಲ್ಲಿ ಪೂರ್ತಿ ಖಾಲಿ ಇರುವ ಒಂದು ಪುಟ ಬಂತು. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಧಾರವಾಡದವರೆಗೆ ಹೋಗಲು ಆಗದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆದುಕೊಳ್ಳಿ. ಈ ವಿಡಿಯೋ ಮನೆಯ ಗ್ರೂಪಿಗೆ ಹಾಕಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮಾಡದಿದ್ದರೂ ಪರವಾಗಿಲ್ಲ, ಆ ನಂಬರ್ ಮಾತ್ರ ಬರೆದುಕೊಳ್ಳಿ.

ಇನ್ನೂ ಚಹಾ, ನಿದ್ದೆ, ಗುಟ್ಕಾ ಅಂತ ಬರೆದುಕೊಂಡಿದ್ದೆ. ಚಹಾ ಕಡಿಮೆ ಮಾಡಿ, ನಿದ್ದೆ ಮಾಡಿ, ಗುಟ್ಕಾ ಬಿಡಿ. ಅದನ್ನು ಇನ್ನೊಂದು ದಿನ ಮಾತಾಡೋಣ. ಈಗ ನನಗೆ ಬೇಕಾಗಿರುವುದು ಒಂದೇ. ಇದನ್ನು ಕೇಳುತ್ತಾ ಕೇಳುತ್ತಾ ನಿಮ್ಮಲ್ಲಿ ಎಷ್ಟು ಜನರ ಬೆರಳು ಮಣಿಕಟ್ಟಿನ ಮೇಲೆ ಇದೆ ಅಂತ ನನಗೆ ಗೊತ್ತು, ನಾನೂ ಹಾಗೇ ಕೇಳುತ್ತಿದ್ದೆ. ತೆಗೀರಿ. ಅಣ್ಣಾ, ತೆಗಿ. ಅಕ್ಕಾರ, ನೀವೂ.

ಆ ಕಾಮೆಂಟ್ ಹಾಕಿದವರೇ, ನೀವೂ ಹುಬ್ಬಳ್ಳಿಯವರೇ ಅಂತ ಬರೆದಿದ್ದೀರಿ. ಭಾನುವಾರ ಬೆಳಿಗ್ಗೆ ಆರಕ್ಕೆ ನಾನು ಉಣಕಲ್ ಕೆರೆ ಹತ್ತಿರ ನಡೆಯಲು ಬರುತ್ತೇನೆ. ನಿಮ್ಮ ಡಾಕ್ಟರು ನಡೆಯಬಹುದು ಅಂದಿದ್ದರೆ ನೀವೂ ಬನ್ನಿ. ವಾಚ್ ಮನೆಯಲ್ಲಿ ಬಿಟ್ಟು ಬನ್ನಿ. ಆಮೇಲೆ ಚಹಾ ನಾನು ಕೊಡಿಸುತ್ತೇನೆ, ಇಬ್ಬರ ನಡುವೆ ಒಂದೇ ಕಪ್.