ಹೆದರಿದ್ದು ಎಲ್ಲಿ, ನಂಬಿದ್ದು ಎಲ್ಲಿ

ಕೇಳುಗರೆ, ನಮಸ್ಕಾರ.

ಕಾದಂಬರಿ ಓದಿದವರನ್ನು "ಹೇಗಿತ್ತು?" ಎಂದು ಕೇಳಿ ನೋಡಿ. "ಚೆನ್ನಾಗಿತ್ತು" ಅಥವಾ "ಬೋರ್ ಹೊಡೀತು", ಇಷ್ಟಕ್ಕೇ ಮಾತು ಮುಗಿಯುತ್ತದೆ. ಹಾಸನ, ಚಿಕ್ಕಮಗಳೂರು ಕಡೆ ಮಳೆ ಹಿಡಿದ ಮೇಲೆ ಓದಲು ಪುರಸೊತ್ತು ಸಿಗುತ್ತದೆ. ಗ್ರಂಥಾಲಯದಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ಎಂಟು ಹತ್ತು ಜನ ಸೇರಿ ವೈಜ್ಞಾನಿಕ ಕಾದಂಬರಿ, ಭಯದ ಕಾದಂಬರಿಗಳ ಬಗ್ಗೆ ಮಾತಾಡುವುದಾದರೆ, ಮಾತನ್ನು ಎಲ್ಲಿಂದ ಹಿಡಿಯಬೇಕು?

ವೈಜ್ಞಾನಿಕ ಕಾದಂಬರಿಗೆ ಒಂದು ಸುಳ್ಳು ಹೇಳುವ ಹಕ್ಕಿದೆ. ಅದನ್ನು ನಾವು ಒಪ್ಪಿಕೊಂಡ ಮೇಲೆ ಉಳಿದದ್ದೆಲ್ಲ ಲೆಕ್ಕಕ್ಕೆ ಸಿಗಬೇಕು. ಎಚ್. ಜಿ. ವೆಲ್ಸ್ ಅವರ 'ದಿ ಇನ್‌ವಿಸಿಬಲ್ ಮ್ಯಾನ್' ಪ್ರಕಟವಾದದ್ದು 1897ರಲ್ಲಿ. ದೇಹದಲ್ಲಿ ಬೆಳಕು ಬಾಗದಂತೆ ಮಾಡಿದರೆ ಮನುಷ್ಯ ಕಾಣಿಸುವುದಿಲ್ಲ, ಇದೇ ಅಲ್ಲಿಯ ಸುಳ್ಳು. ಮುಂದಿನದನ್ನು ವೆಲ್ಸ್ ಬಿಗಿಯಾಗಿ ನಡೆಸುತ್ತಾರೆ. ಬಟ್ಟೆ ತೊಟ್ಟರೆ ಬಟ್ಟೆ ಕಾಣುತ್ತದೆ, ಆದ್ದರಿಂದ ಲಂಡನ್ನಿನ ಜನವರಿ ಚಳಿಯಲ್ಲಿ ಅವನು ಬರಿಮೈಯಲ್ಲಿ ತಿರುಗಬೇಕು. ತಿಂದದ್ದು ಅರಗುವ ತನಕ ಹೊಟ್ಟೆಯಲ್ಲಿ ಕಾಣುತ್ತದೆ. ಬರಿಗಾಲಿನ ಕೆಸರು ಹೆಜ್ಜೆಗಳೇ ಅವನ ಗುಟ್ಟು ಬಿಟ್ಟುಕೊಡುತ್ತವೆ.

ಇಲ್ಲಿ ಒಳ್ಳೆಯ ತಕರಾರೊಂದು ಏಳಬೇಕು. ಕಣ್ಣಿನ ಮಸೂರ ಬೆಳಕನ್ನು ಬಾಗಿಸದಿದ್ದರೆ ಕಣ್ಣಿನ ಹಿಂಬದಿಯ ಪರದೆಯ, ಅಂದರೆ ರೆಟಿನಾದ, ಮೇಲೆ ಚಿತ್ರ ಮೂಡುವುದಿಲ್ಲ. ಅಂದಮೇಲೆ ಅವನು ಕುರುಡನಾಗಬೇಕಲ್ಲವೆ? ಹಾಗಂತ ಪುಸ್ತಕ ಮುಚ್ಚಿಡಬೇಡಿ. ಅವನು ಕನ್ನಡಿ ನೋಡುವ ಭಾಗ ತೆರೆಯಿರಿ. ರೆಟಿನಾದ ಹಿಂದೆ ಮಂಜಿಗಿಂತ ತೆಳುವಾದ ಬಣ್ಣ ಮಾತ್ರ ಉಳಿದಿತ್ತು ಎಂಬ ಸಾಲು ಅಲ್ಲಿದೆ. ಆಕ್ಷೇಪ ಅದರಿಂದ ಪೂರ್ತಿ ಬಗೆಹರಿಯುವುದಿಲ್ಲ, ಆದರೆ ಲೇಖಕರು ಕಣ್ಣಿನ ಬಗ್ಗೆ ಯೋಚಿಸಿದ್ದರು ಎಂಬುದು ಖಚಿತ. ಹೀಗೆ ಸಾಲು ತೋರಿಸಿ ಮಾತಾಡಿದಾಗ ಅಭಿಪ್ರಾಯಕ್ಕೆ ತೂಕ ಬರುತ್ತದೆ.

ಭಯದ ಕಾದಂಬರಿಗೆ ಬೇರೆ ಅಳತೆ. ನಮಗೆ ಗೊತ್ತಾದದ್ದು ಯಾವಾಗ, ಪಾತ್ರಕ್ಕೆ ಗೊತ್ತಾದದ್ದು ಯಾವಾಗ? ಇವೆರಡರ ನಡುವಿನ ಅಂತರದಲ್ಲಿಯೇ ಭಯ ಇರುವುದು. ಬ್ರಾಮ್ ಸ್ಟೋಕರ್ ಅವರ 'ಡ್ರಾಕುಲಾ'ದಲ್ಲಿ 27 ಅಧ್ಯಾಯಗಳಿವೆ. ಮೊದಲ ನಾಲ್ಕರಲ್ಲಿ ರಕ್ತ ಹೀರುವ ಕೌಂಟ್ ಡ್ರಾಕುಲಾ ಎದುರಿಗೇ ಇರುತ್ತಾನೆ, ಆಮೇಲೆ ಅಪರೂಪ. ಕತೆ ಪೂರಾ ದಿನಚರಿ, ಪತ್ರ, ಪತ್ರಿಕೆಯ ತುಣುಕುಗಳಲ್ಲಿ ಸಾಗುವುದರಿಂದ, ಬರೆಯುತ್ತಿರುವವರಿಗೆ ಹೊಳೆಯದ್ದು ಓದುವವರಿಗೆ ಮೊದಲೇ ಹೊಳೆದಿರುತ್ತದೆ. ಸಾಮಾನ್ಯವಾಗಿ ಕೆಡುವುದು ಎಲ್ಲಿ ಅಂದರೆ, ದೆವ್ವವನ್ನು ಮೊದಲ ಅಧ್ಯಾಯದಲ್ಲೇ ಉಗುರು, ಕೂದಲು ಸಹಿತ ವರ್ಣಿಸಿಬಿಟ್ಟಾಗ. ಇಲ್ಲವೇ ಕೊನೆಯಲ್ಲಿ ಪುಟಗಟ್ಟಲೆ ಹಿನ್ನೆಲೆ ವಿವರಿಸಿದಾಗ.

ಓದುವಾಗಲೇ ಪುಸ್ತಕದೊಳಗೆ ಒಂದು ಚೀಟಿ ಇಟ್ಟುಕೊಳ್ಳಿ. ಹೆದರಿಕೆ ಹುಟ್ಟಿದ ಜಾಗ, ಹೆದರಿಕೆ ಬಿಟ್ಟುಹೋದ ಜಾಗ ಎರಡನ್ನೂ ಗುರುತು ಮಾಡಿ. ಮುದ್ರಣ ಬದಲಾದರೆ ಪುಟಸಂಖ್ಯೆ ಹೊಂದುವುದಿಲ್ಲ, ಅಧ್ಯಾಯದ ಸಂಖ್ಯೆ ಬರೆಯುವುದೇ ಮೇಲು. ಸೇರಿದಾಗ ಒಬ್ಬರು ಎರಡು ನಿಮಿಷದಲ್ಲಿ ಕತೆ ಹೇಳಿದರೆ ಸಾಕು. ಎಲ್ಲರೂ ಕತೆ ಹೇಳಹೊರಟರೆ ಸಂಜೆಯೆಲ್ಲ ಅದರಲ್ಲೇ ಕಳೆಯುತ್ತದೆ. ಯಾರಾದರೂ ಓದಿ ಮುಗಿಸಿಲ್ಲದಿದ್ದರೆ ಕೊನೆಯ ತಿರುವನ್ನು ತಡೆದಿಡಿ. ಒಂದು ಪುಟ ಜೋರಾಗಿ ಓದಿಸಿ; ಭಯಂಕರವಾದದ್ದು ನಡೆಯುವ ಪುಟವಲ್ಲ, ಅದರ ಹಿಂದಿನದು. ಲೇಖಕರು ಅವಸರ ಮಾಡಿದ್ದರೆ ಕಿವಿಗೆ ತಕ್ಷಣ ತಿಳಿಯುತ್ತದೆ. ಇನ್ನು, ದೆವ್ವ ಇದೆಯೋ ಇಲ್ಲವೋ ಎಂಬ ವಾದ ಮಾತ್ರ ಬೇಡ. ನಮ್ಮೂರುಗಳಲ್ಲಿ ಕೊಳ್ಳಿದೆವ್ವದ ಕತೆ ಗೊತ್ತಿಲ್ಲದವರಿಲ್ಲ. ಒಮ್ಮೆ ಶುರುವಾದರೆ ಪುಸ್ತಕ ಮರೆತೇಹೋಗುತ್ತದೆ. ಕಾಫಿ ಹೊತ್ತಿಗೆ ಅದನ್ನು ಇಟ್ಟುಕೊಳ್ಳಿ.

ಮೂಡಿಗೆರೆಯ ತೇಜಸ್ವಿಯವರ 'ಕರ್ವಾಲೊ', 1980ರ ಕಾದಂಬರಿ, ವೈಜ್ಞಾನಿಕ ಕಾದಂಬರಿಯೇ ಎಂಬ ಚರ್ಚೆ ಈ ಜಿಲ್ಲೆಗಳಲ್ಲಿ ಆಗಲೇಬೇಕು. ಅದರಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ಕಲ್ಪನೆಯ ಪ್ರಾಣಿಯಲ್ಲ. ಪಕ್ಕೆಲುಬು ಚಾಚಿ ಚರ್ಮದ ರೆಕ್ಕೆ ಬಿಚ್ಚಿ, ಮರದಿಂದ ಮರಕ್ಕೆ ತೇಲುವ ಓತಿಗಳು ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಇವತ್ತಿಗೂ ಇವೆ. ಹಾಗಾಗಿ ಅದು ವಿಜ್ಞಾನದ ಹುಡುಕಾಟವನ್ನು ಕುರಿತ ಕಾದಂಬರಿ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಪುಸ್ತಕ ಹಿಡಿದುಕೊಂಡೇ ವಾದಕ್ಕೆ ಬರಲಿ.

ಯಾವುದರಿಂದ ಶುರು ಮಾಡುವುದು ಎಂದರೆ, ಮೇರಿ ಶೆಲ್ಲಿಯವರ 1818ರ 'ಫ್ರಾಂಕೆನ್‌ಸ್ಟೈನ್' ತೆಗೆದುಕೊಳ್ಳಿ. ಅದು ಎರಡೂ ಬಗೆಗೆ ಸೇರುತ್ತದೆ. ತಾನು ಕಟ್ಟಿದ ದೇಹಕ್ಕೆ ಜೀವ ತುಂಬಿದ ಬಗೆಯನ್ನು ಹೇಳಲು ಕತೆಯ ನಾಯಕ ವಿಕ್ಟರ್ ಖಂಡಿತವಾಗಿ ನಿರಾಕರಿಸುತ್ತಾನೆ. ವೆಲ್ಸ್ ವಿವರಿಸುತ್ತಾರೆ, ಶೆಲ್ಲಿ ಮುಚ್ಚಿಡುತ್ತಾರೆ. ನಿಮಗೆ ಹೆಚ್ಚು ನಂಬಿಕೆ ಬಂದದ್ದು ಯಾರ ಮೇಲೆ? ಮೊದಲ ಸಂಜೆಗೆ ಈ ಒಂದು ಪ್ರಶ್ನೆ ಸಾಕು. ನಮಸ್ಕಾರ.